ಮೂವತ್ತಡಿಯ ಅಂಗಳ

ನಮ್ಮ ತಾಯಿಯವರು ಊರನ್ನು ಬಿಟ್ಟು ಬೆಂಗಳೂರಿನ ನಮ್ಮ ಮನೆಗೆ ಬಂದದ್ದು ೨೦೨೨ನೆಯ ಇಸವಿಯ ಕಾರ್ತಿಕ ಮಾಸದಲ್ಲಿ. ಬಂದ ಮರುದಿನ ಬೆಳಗಿನ ಜಾವ ಬಾಗಿಲು ತೆರೆದು, ಹೊಸ್ತಿಲ ಹೊರಗೆ ಒಂದು ಚೊಂಬು ನೀರನ್ನು ಚೆಲ್ಲಿ, ಆ ನೀರು ಸಿಮೆಂಟಿನ ಮೇಲೆ ಹರಿದು, ಗೇಟಿನ ಕೆಳಗೆ ನುಸುಳಿ, ಬೀದಿಯ ಚರಂಡಿಗೆ ಇಳಿಯುವವರೆಗೂ ನೋಡುತ್ತ ನಿಂತಿದ್ದರು. ಬಳಿಕ ಒಳಗೆ ಬಂದು, "ಇಲ್ಲಿ ನೀರು ಇಂಗುವುದಕ್ಕೆ ಅಂಗೈಯಗಲ ಮಣ್ಣೂ ಇಲ್ಲವೇನೋ?" ಎಂದು ಕೇಳಿದರು. ನಾವು ಉತ್ತರ ಹೇಳಲಿಲ್ಲ. ಹೇಳುವಂಥ ಉತ್ತರವೂ ನಮ್ಮಲ್ಲಿ ಇರಲಿಲ್ಲ.

ಅವರು ಎಪ್ಪತ್ತೊಂಬತ್ತು ವರ್ಷ ಬಾಳಿದ್ದು ತೀರ್ಥಹಳ್ಳಿಯ ಸೀಮೆಯಲ್ಲಿ. ಅಲ್ಲಿಂದ ಕೆಲವು ಹರಿದಾರಿಯಾಚೆಗೆ ಇರುವ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದೆಂದ ಮೇಲೆ ಆ ಸೀಮೆಯ ಹಿತ್ತಿಲುಗಳನ್ನು ವರ್ಣಿಸಬೇಕಾದುದಿಲ್ಲ. ಬಚ್ಚಲಿನ ನೀರು ಬಾಳೆಯ ಬುಡಕ್ಕೆ, ಬಾಳೆಯ ಬುಡದ ನೀರು ಕೆಸುವಿಗೆ. ಬಸಳೆಯ ಚಪ್ಪರ, ಅದರ ನೆರಳಿನಲ್ಲಿ ಒಂದೆಲಗ. ಇಂಥ ಹಿತ್ತಿಲನ್ನು ಮನೆಯೊಂದಿಗೆ ಪರಾಧೀನ ಮಾಡಿ ಬಂದವರಿಗೆ ನಾವು ಒದಗಿಸಿದ್ದು ಮೂವತ್ತು-ನಲವತ್ತರ ನಿವೇಶನದ ಒಂದು ಮನೆ, ಅದರ ಮುಂದೆ ಒಂದು ಸಿಮೆಂಟಿನ ಅಂಗಳ. ಮೊದಲ ತಿಂಗಳು ಅವರು ಹೆಚ್ಚು ಮಾತನಾಡಲಿಲ್ಲ. ಊಟ ಕಡಿಮೆಯಾಯಿತು. ವೈದ್ಯರು ಪರೀಕ್ಷಿಸಿ, ದೇಹದಲ್ಲಿ ದೋಷವೇನೂ ಇಲ್ಲವೆಂದರು. ನಮಗೆ ದಿಗಿಲಾದದ್ದು ಆಗಲೇ.

ಬನಶಂಕರಿಯಿಂದಾಚೆಗೆ, ಈಚಿನ ಮೂರು ನಾಲ್ಕು ದಶಕಗಳಲ್ಲಿ ಹಬ್ಬಿದ ಬಡಾವಣೆಗಳಲ್ಲೊಂದು ನಮ್ಮದು. ಮನೆಯು ಮೂಡಣಕ್ಕೆ ಮುಖವಾಗಿದೆ. ಮುಂದಿನ ಅಂಗಳವು ತೆಂಕಣಿಂದ ಬಡಗಣಕ್ಕೆ ಮೂವತ್ತಡಿ ಉದ್ದ, ಬಾಗಿಲಿನಿಂದ ಗೇಟಿಗೆ ಒಂಬತ್ತಡಿ ಅಗಲ. ಬಡಗಣ ಕಡೆಗೆ ನೆಲದೊಳಗಿನ ನೀರಿನ ತೊಟ್ಟಿ, ಅದರ ಮೇಲೆ ಕಬ್ಬಿಣದ ಮುಚ್ಚಳ. ತೆಂಕಣ ಮಗ್ಗುಲಲ್ಲಿ ಮೂರಂತಸ್ತಿನ ಕಟ್ಟಡ. ಅದು ಬೀದಿಯ ಅಂಚಿನವರೆಗೂ ಮುಂದೆ ಬಂದು ನಿಂತಿದೆ. ನಮಗೆ ಮೊದಲು ಈ ಮನೆಯಲ್ಲಿದ್ದವರು ಕಾರು ನಿಲ್ಲಿಸುವುದಕ್ಕಾಗಿ ಅಂಗಳವನ್ನೆಲ್ಲ ಸಿಮೆಂಟು ಮಾಡಿಸಿದ್ದರು. ನಮ್ಮಲ್ಲಿ ಕಾರಿಲ್ಲ. ಆದರೆ ಮಗನು ಮುಂದೆ ಕೊಳ್ಳುವನೆಂಬ ನಂಬಿಕೆಯಿಂದ ಆ ಜಾಗವನ್ನು ಮುಟ್ಟದೆ ಬಿಟ್ಟಿದ್ದೆವು. ಕಾರು ನಿಲ್ಲುವ ಜಾಗವಿಲ್ಲದ ಮನೆಗೆ ಬೆಲೆ ಬರುವುದಿಲ್ಲವೆಂದು ನೆಂಟರಿಷ್ಟರು ಎಚ್ಚರಿಸುತ್ತಲೇ ಇದ್ದರು, ಈಗಲೂ ಎಚ್ಚರಿಸುತ್ತಿರುವರು.

ಅಂಗಳದಲ್ಲಿ ತೋಟ ಮಾಡೋಣವೆಂದು ನಿಶ್ಚಯಿಸಿದ ಮೇಲೆ ನಾವು ಮಾಡಿದ ಮೊದಲನೆಯ ಕೆಲಸವೇ ತಪ್ಪು ಕೆಲಸ. ಅದನ್ನು ಮರೆಮಾಚದೆ ಹೇಳುತ್ತೇವೆ. ತೋಟಗಳನ್ನು ಮಾಡಿಕೊಡುವವರೊಬ್ಬರು ಬಣ್ಣದ ಚಿತ್ರಗಳನ್ನು ತಂದು ತೋರಿಸಿದರು. ಚಿತ್ರಗಳಲ್ಲಿ ಹುಲ್ಲಿನ ಹಾಸು, ಬಿಳಿಯ ನುಣುಗಲ್ಲುಗಳು, ಒಂದು ಪುಟ್ಟ ಕಾರಂಜಿ. ಸಿಮೆಂಟನ್ನು ಒಡೆಯುವ ಗೊಡವೆಯೇ ಇಲ್ಲ, ಅದರ ಮೇಲೆಯೇ ನಾಲ್ಕು ಬೆರಳು ಮಣ್ಣು ಹರಡಿ ಹುಲ್ಲಿನ ಚಾಪೆಗಳನ್ನು ಹಾಸಿದರಾಯಿತು ಎಂದರು. ಎರಡು ದಿನಗಳಲ್ಲಿ ತೋಟ ಸಿದ್ಧವಾಯಿತು. ಅಮ್ಮ ಬಾಗಿಲಿನಲ್ಲಿ ನಿಂತು ನೋಡಿ, "ಇದು ದನಕ್ಕೋ?" ಎಂದರು. ಸಂಕ್ರಾಂತಿಯ ಹೊತ್ತಿಗೆ ತೆಂಕಣ ಭಾಗದ ಹುಲ್ಲು ನೆರಳಿನಲ್ಲಿ ಕೊಳೆತು, ಬಡಗಣ ಭಾಗದ ಹುಲ್ಲು ಕಾದ ಸಿಮೆಂಟಿನ ಮೇಲೆ ಒಣಗಿ, ಹನ್ನೆರಡು ಸಾವಿರ ರೂಪಾಯಿ ವ್ಯರ್ಥವಾಯಿತು. ಒಂದೇ ಅಂಗಳದ ಒಂದು ತುದಿಯಲ್ಲಿ ಕೊಳೆತು, ಇನ್ನೊಂದು ತುದಿಯಲ್ಲಿ ಸುಡುವುದೆಂದರೇನು? ಈ ಪ್ರಶ್ನೆಯಿಂದ ನಮ್ಮ ನಿಜವಾದ ಪಾಠವು ಮೊದಲಾಯಿತು.

ಪಾಠವನ್ನು ಹೇಳಿಕೊಟ್ಟವರು ಅಮ್ಮನೇ. ಕೊಳೆತ ಹುಲ್ಲನ್ನು ಎತ್ತಿಸಿ ಅಂಗಳವನ್ನು ತೊಳೆದ ದಿನ, ಅವರು ರಂಗೋಲಿಯ ಬಟ್ಟಲನ್ನು ಹಿಡಿದು ಬಂದು, ಎಂಟು ಗಂಟೆಗೆ ನೆರಳಿನ ಅಂಚು ಎಲ್ಲಿದೆಯೋ ಅಲ್ಲಿ ಒಂದು ಎಳೆ ಎಳೆದರು. ಹತ್ತಕ್ಕೆ ಇನ್ನೊಂದು, ಹನ್ನೊಂದಕ್ಕೆ ಮತ್ತೊಂದು, ನಡುಹಗಲಿಗೆ ಕೊನೆಯದು. ಊರಿನಲ್ಲಿ ಅಡಿಕೆ ಹರವುವ ಅಂಗಳಕ್ಕೆ ಬಿಸಿಲು ಎಷ್ಟು ಹೊತ್ತು ಬೀಳುವುದೆಂದು ನೋಡಿಕೊಳ್ಳುವುದು ಅವರಿಗೆ ಹೊಸದಲ್ಲ. ಜನವರಿ ತಿಂಗಳಿನ ಆ ಎಳೆಗಳು ನಮಗೆ ವಿಷಯವನ್ನೆಲ್ಲ ತಿಳಿಸಿದವು. ಬೆಳಗ್ಗೆ ತೆಂಕಣ ಮೂಲೆಯ ಐದಾರು ಅಡಿ ಮಾತ್ರ ನೆರಳು. ಹತ್ತು ಗಂಟೆಗೆ ಒಂಬತ್ತಡಿ. ನಡುಹಗಲಿಗೆ ಮೂವತ್ತರಲ್ಲಿ ಹತ್ತೊಂಬತ್ತಡಿ. ಅದಾದ ಮೇಲೆ ನಮ್ಮ ಮನೆಯ ನೆರಳೇ ಅಂಗಳಕ್ಕೆಲ್ಲ. ಅಂದರೆ ಚಳಿಗಾಲದಲ್ಲಿ ಬಡಗಣದ ಹತ್ತಡಿಗೆ ಮಾತ್ರ ಬೆಳಗಿನಿಂದ ನಡುಹಗಲಿನವರೆಗೆ ಅಡ್ಡಿಯಿಲ್ಲದ ಬಿಸಿಲು.

ಏಪ್ರಿಲ್ ತಿಂಗಳಿನಲ್ಲಿ ಮತ್ತೆ ಎಳೆ ಎಳೆದಾಗ ಚಿತ್ರವೇ ಬೇರೆ. ಬೆಂಗಳೂರು ಹದಿಮೂರನೆಯ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ೨೪ರ ಸುಮಾರಿಗೆ ಸೂರ್ಯನು ನಡುಹಗಲಿನಲ್ಲಿ ನೇರವಾಗಿ ನಡುನೆತ್ತಿಗೆ ಬರುವನು. ಅಲ್ಲಿಂದ ಆಗಸ್ಟಿನ ನಡುವನ್ನು ದಾಟುವವರೆಗೂ ನಡುಹಗಲಿನ ಸೂರ್ಯನು ನಮಗೆ ಬಡಗಣದಲ್ಲಿಯೇ ಇರುವನು. ಆ ನಾಲ್ಕು ತಿಂಗಳು ತೆಂಕಣದ ಕಟ್ಟಡದ ನೆರಳು ನಮ್ಮ ಅಂಗಳವನ್ನು ಮುಟ್ಟುವುದಿಲ್ಲವೆಂದೇ ಹೇಳಬಹುದು. ಒಂದು ದಿನ ಮಾತ್ರ ನೋಡಿ ಗಿಡಗಳಿಗೆ ಸ್ಥಳ ಗೊತ್ತುಮಾಡುವವರು ಆರು ತಿಂಗಳಲ್ಲಿ ಮೋಸ ಹೋಗುವುದು ಈ ಕಾರಣದಿಂದ. ಮನೆಯ ದಿಕ್ಕು, ಪಕ್ಕದ ಗೋಡೆಯ ಎತ್ತರ ಇವುಗಳು ಮನೆಗೊಂದು ಬಗೆಯಾಗಿರುವುವಾದ್ದರಿಂದ ನಮ್ಮ ಅಳತೆಗಳು ಓದುಗರಿಗೆ ಉಪಯೋಗಕ್ಕೆ ಬಾರವು. ರಂಗೋಲಿಯ ಬಟ್ಟಲು ಉಪಯೋಗಕ್ಕೆ ಬರಬಹುದು.

ಈ ನಡುವೆ ನಾವು ಲಾಲ್‌ಬಾಗಿಗೆ ಹೋದೆವು. ಮೆಟ್ರೋ ರೈಲು ಈಗ ಲಾಲ್‌ಬಾಗಿನ ಪಶ್ಚಿಮ ದ್ವಾರದ ಹತ್ತಿರವೇ ಇಳಿಸುವುದರಿಂದ ವಯಸ್ಸಾದವರಿಗೂ ಕಷ್ಟವಿಲ್ಲ. ಮೊದಲ ಸಲ ಹೋದದ್ದು ಜನವರಿಯ ಫಲಪುಷ್ಪ ಪ್ರದರ್ಶನಕ್ಕೆ. ೧೮೮೯ರಲ್ಲಿ ಅಸ್ತಿವಾರ ಹಾಕಿದ ಆ ಗಾಜಿನ ಮನೆಯೊಳಗೆ ಹೂಗಳನ್ನು ಪೋಣಿಸಿ ಕಟ್ಟಿದ ದೊಡ್ಡ ದೊಡ್ಡ ಆಕೃತಿಗಳನ್ನು ಜನಸಂದಣಿಯ ಹೆಗಲುಗಳ ನಡುವಿನಿಂದ ನೋಡಿದ ಅಮ್ಮ, "ಇಷ್ಟು ಹೂವನ್ನು ಕಿತ್ತವರು ಯಾರು?" ಎಂದು ಕೇಳಿ ಹೊರಗೆ ಬಂದರು. ಕೈತೋಟಕ್ಕೆ ಬೇಕಾದ ವಿದ್ಯೆಯನ್ನು ಅಲ್ಲಿ ಹುಡುಕಬಾರದು. ಒಂದು ವಾರ ಬಿಟ್ಟು, ಜನವಿಲ್ಲದ ಬೆಳಗಿನಲ್ಲಿ ಮತ್ತೆ ಹೋದೆವು.

೧೭೬೦ರಲ್ಲಿ ಹೈದರಾಲಿಯು ತೊಡಗಿಸಿದಾಗ ನಲವತ್ತು ಎಕರೆಯಷ್ಟಿದ್ದ ತೋಟವು ಈಗ ಇನ್ನೂರ ನಲವತ್ತು ಎಕರೆ. ಇದಕ್ಕೂ ಒಂಬತ್ತಡಿ ಅಗಲದ ಅಂಗಳಕ್ಕೂ ಏನು ಸಂಬಂಧವೆಂದು ಯಾರಾದರೂ ಕೇಳಬಹುದು. ಕೆಂಪೇಗೌಡರ ಗೋಪುರ ನಿಂತಿರುವ ಆ ಬಂಡೆಯನ್ನು ಏರಿದಾಗ ಒಂದು ಸಂಬಂಧ ತೋರಿತು. ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದೆಂದು ಭೂಗರ್ಭ ಶಾಸ್ತ್ರಜ್ಞರು ಹೇಳುವ ಆ ಕಲ್ಲಿನ ಬಳಗವೇ ಈ ನಗರದ ಅಡಿಯಲ್ಲೆಲ್ಲ ಹಾಸಿಕೊಂಡಿದೆ. ಕಲ್ಲಿನ ಬಿರುಕುಗಳಲ್ಲಿ, ಅದರ ಮೇಲಿನ ಸವೆದ ಪದರದಲ್ಲಿ ಮಾತ್ರವೇ ನೀರು ನಿಲ್ಲುವುದು. ಮೇಲಿನ ಮಣ್ಣನ್ನು ಸಿಮೆಂಟಿನಿಂದ ಮುಚ್ಚಿದರೆ ಆ ಬಿರುಕುಗಳಿಗೆ ನೀರು ಇಳಿಯುವ ದಾರಿ ಯಾವುದು? ಅಮ್ಮ ಮೊದಲ ದಿನ ಕೇಳಿದ ಪ್ರಶ್ನೆಯೂ ಇದೇ.

ಇನ್ನೊಂದು ಸಂಬಂಧವನ್ನು ತಿಳಿದದ್ದು ಮರಗಳಿಂದ. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಕೆಲಸಮಾಡಿ, ಬರೋಡಾದ ಮೂಲಕ ೧೯೦೮ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಕ್ರುಂಬಿಗಲ್ ಎಂಬುವರು ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದರು. ಬೀದಿಗಳಲ್ಲಿ ನೆಡುವ ಮರಗಳನ್ನು, ಒಂದು ಜಾತಿಯ ಹೂವು ಉದುರುವ ವೇಳೆಗೆ ಇನ್ನೊಂದು ಜಾತಿಯು ಅರಳುವಂತೆ ಆಯ್ದು ನೆಡಿಸುವ ಪದ್ಧತಿಗೆ ಅವರ ಹೆಸರು ಹೇಳುವರು. ನಿವೃತ್ತರಾದ ಮೇಲೂ ಅವರು ಇಲ್ಲಿಯೇ ನಿಂತು, ೧೯೫೬ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಒಂದು ನಗರಕ್ಕೆ ವರ್ಷವಿಡೀ ಹೂವಿನ ಸರದಿಯನ್ನು ಯೋಚಿಸಬಹುದಾದರೆ ಇನ್ನೂರ ಎಪ್ಪತ್ತು ಚದರಡಿಗೆ ಯೋಚಿಸುವುದು ಕಷ್ಟವೇ? ನಾವು ಅಲ್ಲಿಯೇ ಬೆಂಚಿನ ಮೇಲೆ ಕುಳಿತು, ಹನ್ನೆರಡು ಮಾಸಗಳನ್ನೂ ಒಂದು ಕಾಗದದಲ್ಲಿ ಬರೆದು, ಮಾಸಕ್ಕೊಂದು ಹೂವೋ ಎಲೆಯೋ ಗಡ್ಡೆಯೋ ಅಮ್ಮನ ಕೈಗೆ ಸಿಕ್ಕಬೇಕೆಂದು ಗೊತ್ತುಮಾಡಿದೆವು. ವೈಶಾಖಕ್ಕೆ ಮಲ್ಲಿಗೆ, ಶ್ರಾವಣಕ್ಕೆ ಬಸಳೆ, ಆಶ್ವಯುಜಕ್ಕೆ ಪಾರಿಜಾತ, ಪುಷ್ಯಕ್ಕೆ ಹಸಿಯ ಅರಿಶಿನ. ದಾಸವಾಳಕ್ಕೂ ನಂದಿಬಟ್ಟಲಿಗೂ ಮಾಸದ ಹಂಗಿಲ್ಲ.

ಹಿಂದಿರುಗುವಾಗ ನೇರವಾಗಿ ಮನೆಗೆ ಬರದೆ ಬಸವನಗುಡಿಯ ಬೀದಿಗಳಲ್ಲಿ ನಡೆದೆವು. ೧೮೯೮ರ ಪ್ಲೇಗಿನ ಹಾವಳಿಯ ತರುವಾಯ, ಇಕ್ಕಟ್ಟಿನ ಪೇಟೆಯಿಂದ ಜನರು ಹೊರಗೆ ಬಂದು ಗಾಳಿ ಬೆಳಕಿನಲ್ಲಿ ವಾಸಿಸಲೆಂದು ಮಲ್ಲೇಶ್ವರದ ಜೊತೆಗೆ ಬೆಳೆದ ಬಡಾವಣೆಯಿದು. ಹಳೆಯ ಮನೆಗಳು ಬಹುಮಟ್ಟಿಗೆ ಹೋಗಿ ಅಂತಸ್ತಿನ ಕಟ್ಟಡಗಳು ಎದ್ದಿವೆಯಾದರೂ ಅಲ್ಲೊಂದು ಇಲ್ಲೊಂದು ಉಳಿದಿವೆ: ಮುಂದೆ ಹೂವಿನ ಗಿಡ, ಹಿಂದೆ ತೆಂಗು ಮಾವು, ಪಕ್ಕದಲ್ಲಿ ಬಾವಿ, ಹಿತ್ತಿಲ ಬಾಗಿಲಿನಾಚೆ ಜಾಡಮಾಲಿಗಳಿಗೆಂದು ಬಿಟ್ಟಿದ್ದ ಓಣಿ. ಒಂದು ಮನೆಯ ಗೋಡೆಯ ಮೇಲಿಂದ ಪಾರಿಜಾತದ ರೆಂಬೆಯೊಂದು ಬೀದಿಗೆ ಬಾಗಿತ್ತು. ಹೂವಿನ ಕಾಲವಲ್ಲ, ಒರಟಾದ ಎಲೆಗಳು ಮಾತ್ರ. ಅಮ್ಮ ಅದರ ಎಲೆಯನ್ನು ಬೆರಳಿನಿಂದ ಉಜ್ಜುತ್ತ ನಿಂತುಬಿಟ್ಟರು. ಒಳಗಿನಿಂದ ಒಬ್ಬ ವೃದ್ಧರು ಬಂದು ಗೇಟು ತೆರೆದು, "ಒಳಗೆ ಬನ್ನಿ ತಾಯೀ, ನಿಂತೇ ಇದ್ದೀರಲ್ಲ" ಎಂದರು.

ಆ ಮಹನೀಯರು ನಮಗೆ ಹೂವಿನ ಗಿಡಗಳನ್ನು ತೋರಿಸಲಿಲ್ಲ. ನೇರವಾಗಿ ಹಿತ್ತಿಲಿಗೆ ಕರೆದುಕೊಂಡು ಹೋಗಿ, ಪಾತ್ರೆ ತೊಳೆಯುವ ಕಲ್ಲಿನಿಂದ ನೀರು ಹೊರಡುವ ಕಾಲುವೆಯನ್ನು ತೋರಿಸಿದರು. ಮರಳು ಜಲ್ಲಿ ತುಂಬಿದ ಒಂದು ಗುಂಡಿ, ಅದರ ಸುತ್ತ ಬಾಳೆ ಮತ್ತು ಹೂಬಾಳೆ. ಅಲ್ಲಿಂದ ಮುಂದಕ್ಕೆ ಕರಿಬೇವು. ತಾವು ಹುಟ್ಟುವ ಮೊದಲೇ ತಂದೆಯವರು ಮಾಡಿಸಿದ್ದೆಂದರು. ಅಮ್ಮನೂ ಅವರೂ ಅರ್ಧ ಗಂಟೆಯ ಕಾಲ ಬಾಳೆಯ ಜಾತಿಗಳನ್ನು ಕುರಿತು ಮಾತನಾಡಿದರು. ಬೆಂಗಳೂರಿಗೆ ಬಂದ ಮೇಲೆ ಅಮ್ಮ ಒಂದೇ ಉಸಿರಿಗೆ ಅಷ್ಟು ಮಾತನಾಡಿದ್ದನ್ನು ನಾವು ಕಂಡಿರಲಿಲ್ಲ. ಹೊರಡುವಾಗ ಅವರು ಒಂದೆಲಗದ ನಾಲ್ಕು ಬೇರುಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಕೊಟ್ಟರು. ನಮ್ಮ ತೋಟದ ಮೊದಲನೆಯ ಗಿಡ ಅದೇ. ತೋಟವಾಗುವುದಕ್ಕೆ ನಾಲ್ಕು ತಿಂಗಳು ಮುಂಚೆ ಒಂದು ಹಳೆಯ ಬಾಣಲೆಯಲ್ಲಿ ಅದು ನಮ್ಮ ಮನೆಯನ್ನು ಸೇರಿತು.

ಇನ್ನು ನಕ್ಷೆಯ ವಿಚಾರ. ವಿಲಾಯತಿಯ ಪುಸ್ತಕಗಳಲ್ಲಿ ಚಿಕ್ಕ ತೋಟಕ್ಕೆ ಹೇಳುವ ಉಪಾಯಗಳಲ್ಲಿ ಮುಖ್ಯವಾದದ್ದು ದಾರಿಯನ್ನು ಓರೆಯಾಗಿ ಇಲ್ಲವೆ ಬಾಗಿಸಿ ಮಾಡುವುದು. ಗೇಟಿನಿಂದ ಬಾಗಿಲಿಗೆ ನೇರವಾದ ದಾರಿಯಿದ್ದರೆ ಒಂದೇ ನೋಟಕ್ಕೆ ತೋಟ ಮುಗಿದುಹೋಗುವುದಂತೆ. ಮಾತು ನಿಜವೇ. ಆದರೆ ನಮ್ಮ ಅಮ್ಮನಿಗೆ ಮೊಣಕಾಲು ನೋವು, ನಸುಕಿನಲ್ಲಿ ಏಳುವ ಅಭ್ಯಾಸ. ಓರೆಯ ದಾರಿಯಲ್ಲಿ ಕಾಲು ಜಾರಿದರೆ ಸೌಂದರ್ಯವನ್ನು ಕಟ್ಟಿಕೊಂಡು ಏನು ಮಾಡುವುದು? ಆದಕಾರಣ ದಾರಿಯು ನೆಟ್ಟಗೆ, ಮೂರಡಿ ಅಗಲ, ಮೆಟ್ಟಿಲಿಲ್ಲದೆ, ಒರಟು ಕಲ್ಲುಚಪ್ಪಡಿಗಳಿಂದ ಆಯಿತು. ಚಪ್ಪಡಿಗಳ ಸಂದಿಯಲ್ಲಿ ಗಾರೆ ಹಾಕಿಸದೆ ಮರಳನ್ನು ತುಂಬಿಸಿದೆವು, ನೀರು ಇಂಗಲೆಂದು. ನೋಟ ಬೇಗ ಮುಗಿಯದಂತೆ ಮಾಡಲು ಬೇರೊಂದು ಹಂಚಿಕೆ ಹೂಡಿದೆವು. ಕುಳಿತುಕೊಳ್ಳುವ ಜಗಲಿಯನ್ನು ಬಾಗಿಲ ಬಳಿಯಲ್ಲಿ ಇಡದೆ ತೆಂಕಣ ಮೂಲೆಯಲ್ಲಿ, ನಂದಿಬಟ್ಟಲಿನ ಹಿಂದೆ ಕಟ್ಟಿಸಿದೆವು. ಅಲ್ಲಿ ಕುಳಿತವರಿಗೆ ಅಂಗಳವು ಉದ್ದಕ್ಕೆ, ಮೂವತ್ತಡಿಯೂ ಕಾಣುವುದು. ಒಂಬತ್ತಡಿಯ ಕಡೆಯಿಂದ ನೋಡಿದರೆ ಇಕ್ಕಟ್ಟಾಗಿರುವ ಸ್ಥಳವೇ ಇಲ್ಲಿಂದ ಓಣಿಯಂಥ ಒಂದು ತೋಟ. ಜಗಲಿಯ ಎತ್ತರ ಹದಿನೆಂಟು ಅಂಗುಲ. ಅಮ್ಮ ಕೈಯೂರದೆ ಏಳುವ ಎತ್ತರವನ್ನು ಕುರ್ಚಿಯ ಮೇಲೆ ಕೂರಿಸಿ ಅಳೆದದ್ದು.

ಮಗನ ಜೊತೆಗೆ ಒಂದು ಸಂಧಾನವಾಗಬೇಕಾಯಿತು. ಅವನು, "ಅಜ್ಜಿಗೆ ಕುಂಡಗಳು ಸಾಲದೇನಪ್ಪಾ? ಬೇಕಾದಾಗ ಸರಿಸಬಹುದು" ಎಂದನು. ಅವನ ವಾದದಲ್ಲಿ ನ್ಯಾಯವಿರಲಿಲ್ಲವೆಂದು ಹೇಳಲಾರೆವು. ಬಾಡಿಗೆಯ ಮನೆಯವರಿಗೂ ಮಹಡಿಯ ಮೇಲಿನವರಿಗೂ ಕುಂಡಗಳೇ ಗತಿ, ಅವುಗಳಿಂದಲೂ ಸೊಗಸಾದ ತೋಟಗಳಾಗಿವೆ. ಆದರೆ ಕುಂಡದ ಮಣ್ಣು ನೆಲದ ಮಣ್ಣಿಗಿಂತ ಬೇಗ ಕಾಯುವುದು, ಬೇಗ ಒಣಗುವುದು. ಬೇಸಿಗೆಯಲ್ಲಿ ದಿನ ತಪ್ಪದೆ ನೀರು ಬೇಡುವುದು. ಕೊನೆಗೆ ಅವನ ಸ್ಕೂಟರಿಗೆ ತೊಟ್ಟಿಯ ಮುಚ್ಚಳದ ಪಕ್ಕದಲ್ಲಿ ಜಾಗ ಬಿಟ್ಟು, ಉಳಿದುದನ್ನು ಒಡೆಯುವುದೆಂದು ಆಯಿತು. ಕಾರಿನ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ. ಇತ್ಯರ್ಥವಾದ್ದರಿಂದಲ್ಲ, ಅಮ್ಮ ಎದುರಿಗೇ ಕುಳಿತಿದ್ದರು.

೨೦೨೩ರ ಮೇ ತಿಂಗಳಿನಲ್ಲಿ ಸಿಮೆಂಟನ್ನು ಒಡೆಸಿದೆವು. ಅದರ ಅಡಿಯಲ್ಲಿ ಮಣ್ಣು ಸಿಕ್ಕುವುದೆಂದು ನಂಬಿದ್ದವರಿಗೆ ಸಿಕ್ಕಿದ್ದು ಇಟ್ಟಿಗೆಯ ಚೂರು, ಗಾರೆಯ ಉಂಡೆ, ತಂತಿ, ಯಾರದೋ ಒಂದು ಚಪ್ಪಲಿ. ಮನೆ ಕಟ್ಟಿದಾಗಿನ ಕಸವನ್ನೆಲ್ಲ ಅಲ್ಲಿಯೇ ಹೂತಿದ್ದರು. ಅದನ್ನು ಹಾಗೆಯೇ ಬಿಟ್ಟು ಮೇಲೆ ಒಳ್ಳೆಯ ಮಣ್ಣು ಹಾಕಬಹುದೆಂದು ಆಳುಗಳು ಹೇಳಿದರು. ಹಾಗೆ ಮಾಡಕೂಡದು. ಗಾರೆಯ ಸುಣ್ಣವು ಮಣ್ಣಿಗೆ ಸೇರಿದರೆ ಕಬ್ಬಿಣದ ಅಂಶವು ಬೇರುಗಳಿಗೆ ದಕ್ಕದೆ ಹೋಗಿ, ಎಳೆಯ ಎಲೆಗಳು ನರಗಳು ಮಾತ್ರ ಹಸಿರಾಗಿ ಉಳಿದು ಬೆಳ್ಳಗೆ ಹಳದಿ ತಿರುಗುವುವು. ಎಷ್ಟು ಗೊಬ್ಬರ ಹಾಕಿದರೂ ಏಳುವುದಿಲ್ಲ. ಎರಡಡಿ ಆಳಕ್ಕೆ ಅಗೆಸಿ ಕಸವನ್ನು ಸಾಗಿಸಿದೆವು. ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ಮರಳು ಬೆರೆಸಿ ತುಂಬಿಸಿದೆವು. ತೋಟದ ಒಟ್ಟು ವೆಚ್ಚದಲ್ಲಿ ಮುಕ್ಕಾಲು ಪಾಲು ಈ ಕಾಣದ ಕೆಲಸಕ್ಕೇ ಆಯಿತು. ಗಿಡಗಳಿಗೆ ಆದದ್ದು ಅತ್ಯಲ್ಪ. ಅರ್ಧದಷ್ಟು ಅವರಿವರು ಕೊಟ್ಟ ಕಡ್ಡಿಗಳು.

ಬಿಸಿಲಿನ ಬಡಗಣ ತುದಿಗೆ ತುಳಸಿ, ಮಲ್ಲಿಗೆ, ದಾಸವಾಳ. ನಡುವೆ ಪಾರಿಜಾತ, ಅದರ ಕಾಲಬುಡದಲ್ಲಿ ಅರೆನೆರಳನ್ನು ಸಹಿಸುವ ಕನಕಾಂಬರ. ತೆಂಕಣದ ನೆರಳಿಗೆ ಅರಿಶಿನ, ಒಂದೆಲಗ, ದೊಡ್ಡಪತ್ರೆ, ನಂದಿಬಟ್ಟಲು. ಪಕ್ಕದ ಕಟ್ಟಡದ ಗೋಡೆಗೆ ತಗುಲದಂತೆ ತಂತಿ ಕಟ್ಟಿ ಬಸಳೆ. ಪಾರಿಜಾತವನ್ನು ನೀರಿನ ತೊಟ್ಟಿಯಿಂದ ಎಂಟಡಿ ದೂರದಲ್ಲಿಟ್ಟೆವು. ಹೂವಿನ ಕಾಲ ಕಳೆದ ಮೇಲೆ ಸವರಿದರೆ ಅದು ಹಿಡಿತದಲ್ಲಿರುವ ಮರ. ನುಗ್ಗೆಯನ್ನು ನೆಡಬೇಕೆಂಬ ಆಸೆ ಇದ್ದಿತು, ಬಿಟ್ಟೆವು. ಗಾಳಿಗೆ ರೆಂಬೆ ಮುರಿದು ವಿದ್ಯುತ್ತಿನ ತಂತಿಯ ಮೇಲೆ ಬಿದ್ದರೆ ಬೀದಿಗೆಲ್ಲ ಕತ್ತಲೆ. ತೆಂಗಿನ ಮಾತನ್ನು ಅಮ್ಮ ತಾವೇ ಎತ್ತಿ ತಾವೇ ಬಿಟ್ಟರು. ಹಲಸು ಮಾವುಗಳ ಹೆಸರನ್ನು ಕಾಗದದಿಂದ ಹೊಡೆದುಹಾಕುವಾಗ ಅವರ ಮುಖವನ್ನು ನಾವು ನೋಡಲಿಲ್ಲ. ಚಿಕ್ಕ ತೋಟದಲ್ಲಿ ಬಹಳ ಹೊತ್ತು ಹಿಡಿಯುವುದು ಹೀಗೆ ಬಿಡುವ ಕೆಲಸವೇ.

ಮಾಳಿಗೆಯ ಮಳೆನೀರಿನ ಕೊಳವೆಯನ್ನು ಐನೂರು ಲೀಟರಿನ ಒಂದು ಪೀಪಾಯಿಗೆ ತಿರುಗಿಸಿದೆವು. ಇದರ ಲೆಕ್ಕ ಬಹಳ ಸುಲಭ: ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರು ಮಳೆ ಬಿದ್ದರೆ ಒಂದು ಲೀಟರು. ನಮ್ಮ ಮಾಳಿಗೆ ಸುಮಾರು ಎಪ್ಪತ್ತು ಚದರ ಮೀಟರು. ಹತ್ತು ಮಿಲಿಮೀಟರಿನ ಒಂದು ಮಳೆಗೆ ಏಳುನೂರು ಲೀಟರು. ಪೀಪಾಯಿ ತುಂಬಿ ಮಿಕ್ಕುವುದು, ಮಿಕ್ಕಿದ್ದು ಜಲ್ಲಿಯ ಗುಂಡಿಗೆ. ಬಾಯಿಗೆ ಸೊಳ್ಳೆ ನುಸುಳದ ಬಲೆ ಕಟ್ಟತಕ್ಕದ್ದು. ಡೆಂಗೆ ಜ್ವರದ ಸೊಳ್ಳೆಯು ನಿಂತ ಶುದ್ಧ ನೀರಿನಲ್ಲಿಯೇ ಮೊಟ್ಟೆಯಿಟ್ಟು ಏಳೆಂಟು ದಿನಗಳಲ್ಲಿ ಹಾರುವಂತಾಗುವುದರಿಂದ ಕುಂಡದ ತಟ್ಟೆಗಳನ್ನೂ ವಾರಕ್ಕೊಮ್ಮೆಯಾದರೂ ಬಗ್ಗಿಸಬೇಕು.

ಹೀಗೆ ಜೂನ್ ತಿಂಗಳಿನಲ್ಲಿ ನೆಟ್ಟೆವು. ಆ ವರ್ಷವೇ ಮುಂಗಾರು ಕೈಕೊಟ್ಟಿತು. ರಾಜ್ಯದ ಬಹುಪಾಲು ತಾಲ್ಲೂಕುಗಳನ್ನು ಬರಪೀಡಿತವೆಂದು ಸರ್ಕಾರವು ಸಾರಿತು. ಬೆಂಗಳೂರಿನಲ್ಲಿ ಅದರ ಪೆಟ್ಟು ತಿಳಿದದ್ದು ೨೦೨೪ರ ಬೇಸಿಗೆಯಲ್ಲಿ. ಕೊಳವೆಬಾವಿಗಳು ಬತ್ತಿದವು, ಟ್ಯಾಂಕರುಗಳ ಮುಂದೆ ಜನರು ಬಿಂದಿಗೆ ಹಿಡಿದು ನಿಂತರು. ಮಾರ್ಚಿಯಲ್ಲಿ ಜಲಮಂಡಳಿಯು ಕುಡಿಯುವ ನೀರನ್ನು ಕೈತೋಟಕ್ಕಾಗಲಿ ವಾಹನ ತೊಳೆಯುವುದಕ್ಕಾಗಲಿ ಬಳಸಕೂಡದೆಂದು, ಬಳಸಿದವರಿಗೆ ಐದು ಸಾವಿರ ರೂಪಾಯಿ ದಂಡವೆಂದು ಆಜ್ಞೆ ಹೊರಡಿಸಿತು. ಆಜ್ಞೆಯು ನ್ಯಾಯವಾದದ್ದೇ. ಕಾವೇರಿಯ ನೀರು ಸುಮಾರು ನೂರು ಕಿಲೋಮೀಟರು ದೂರದಿಂದ, ಸುಮಾರು ಐನೂರು ಮೀಟರು ಎತ್ತರಕ್ಕೆ ಏರಿ ಈ ನಗರಕ್ಕೆ ಬರುವುದು. ಅದನ್ನು ಗುಲಾಬಿಗೆ ಹೊಯ್ಯಲು ಮನಸ್ಸು ಬಾರದು. ಆದರೆ ಇನ್ನೂ ವರ್ಷವೂ ತುಂಬದ ಪಾರಿಜಾತದ ಎಲೆಗಳು ಜೋತುಬಿದ್ದಾಗ, ಅದನ್ನು ನೋಡಿ ಅಮ್ಮ ಮತ್ತೆ ಊಟದ ತಟ್ಟೆಯನ್ನು ಅರ್ಧಕ್ಕೇ ಸರಿಸಿದಾಗ, ನಮ್ಮ ಮನಸ್ಸಿನಲ್ಲಿ ಏನಾಯಿತೆಂಬುದನ್ನು ಗೃಹಸ್ಥರಾದವರು ಊಹಿಸಬಲ್ಲರು. ಈ ತೋಟವನ್ನು ಮಾಡಲೇಬಾರದಾಗಿತ್ತೇನೋ ಎಂದು ಒಂದೆರಡು ರಾತ್ರಿ ಮಾತನಾಡಿಕೊಂಡೆವು.

ಆಗ ನಮ್ಮ ಮನೆಯವರು ಒಂದು ವಾರದ ಕಾಲ ಅಡುಗೆಮನೆಯ ನೀರನ್ನು ಅಳೆದರು. ಅಕ್ಕಿ ಬೇಳೆ ತೊಳೆದದ್ದು ದಿನಕ್ಕೆ ಆರು ಲೀಟರು, ತರಕಾರಿ ತೊಳೆದದ್ದು ಎಂಟು. ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ ನೀರು, ಒಗೆಯುವ ದಿನಗಳಲ್ಲಿ, ಮೂವತ್ತು. ಸಬ್ಬುನೀರಿನ ಮೊದಲ ಪಾಲನ್ನು ಮುಟ್ಟಲಿಲ್ಲ. ನೀರು ಶುದ್ಧಮಾಡುವ ಯಂತ್ರವು ಹೊರಗೆ ಬಿಡುವ ನೀರನ್ನು ಕೆಲವು ದಿನ ಹೊಯ್ದು ನೋಡಿದೆವು. ಅದರಲ್ಲಿ ಉಪ್ಪಿನ ಅಂಶ ಹೆಚ್ಚಾದ್ದರಿಂದ ದಾಸವಾಳದ ಎಲೆಯ ಅಂಚು ಸುಟ್ಟಂತಾಯಿತು, ನಿಲ್ಲಿಸಿದೆವು. ಹಿಂದಿನ ಬೀದಿಯಲ್ಲಿ ಹೊಂಗೆಯ ಎಲೆಗಳು ಉದುರುವ ಕಾಲ. ಗುಡಿಸುವವರು ಗುಡ್ಡೆ ಹಾಕಿ ಸುಡುತ್ತಿದ್ದ ಎಲೆಗಳನ್ನು ಬೇಡಿ ತಂದು ಪಾತಿಗಳಿಗೆಲ್ಲ ಒಂದು ಗೇಣು ದಪ್ಪ ಹೊದಿಸಿದೆವು. ಹೊದಿಕೆ ಬಿದ್ದ ಮೇಲೆ, ದಿನಾಲೂ ನೀರು ಕೇಳುತ್ತಿದ್ದ ಮಣ್ಣು ಮೂರು ದಿನಕ್ಕೊಮ್ಮೆ ಕೇಳಿತು. ಬೇರಾವ ಉಪಾಯವೂ ಅಷ್ಟು ಫಲ ಕೊಡಲಿಲ್ಲ.

ಆದರೂ ದಿನಕ್ಕೆ ಒಂದು ಬಕೀಟಿನಷ್ಟು ಕಡಿಮೆ ಬೀಳುತ್ತಿತ್ತು. ತೆಂಕಣದ ಕಟ್ಟಡದ ಮೊದಲನೆಯ ಅಂತಸ್ತಿನಲ್ಲಿ ಬಾಡಿಗೆಗಿದ್ದ ಒಬ್ಬ ತಾಯಿ, ಮೇಲಿನಿಂದ ಇದನ್ನೆಲ್ಲ ನೋಡುತ್ತಿದ್ದವರು, ಒಂದು ಸಂಜೆ ನಮ್ಮ ಗೇಟಿನ ಬಳಿ ಒಂದು ಬಕೀಟು ಇಟ್ಟು, "ಅಜ್ಜೀ, ಸೊಪ್ಪು ತೊಳೆದ ನೀರು. ಸುಮ್ಮನೆ ಚೆಲ್ಲುತ್ತಿದ್ದೆ" ಎಂದು ಕೂಗಿ ಹೇಳಿ ಹೋದರು. ಮಾರನೆಯ ಸಂಜೆಯೂ ಬಕೀಟು ಬಂದಿತು. ಮೇ ತಿಂಗಳಿನಲ್ಲಿ ಮಳೆ ಹಿಡಿಯುವವರೆಗೂ ತಪ್ಪಲಿಲ್ಲ. ಅವರ ಕಟ್ಟಡದ ನೆರಳನ್ನು ಕುರಿತು ನಾವು ಎಷ್ಟೋ ಸಲ ಗೊಣಗಿದ್ದುಂಟು. ಅವರಿಗೆ ಕೇಳಿಸಿರಲಿಕ್ಕಿಲ್ಲವೆಂದು ಈಗ ಆಶಿಸುತ್ತೇವೆ. ಆ ಬೇಸಿಗೆಯಲ್ಲಿ ಅದೇ ನೆರಳಿನಲ್ಲಿದ್ದ ಒಂದೆಲಗ ಉಳಿಯಿತು, ಬಿಸಿಲಿನಲ್ಲಿದ್ದ ಮಲ್ಲಿಗೆಯ ಎರಡು ಗಿಡಗಳು ಹೋದವು.

ಪಾರಿಜಾತವು ಉಳಿಯಿತು. ಜೂನ್ ಜುಲೈಗಳಲ್ಲಿ ಒಮ್ಮೆಗೇ ಚಿಗುರಿ, ಅಮ್ಮನ ಎತ್ತರವನ್ನು ದಾಟಿತು. ಅಮ್ಮ ಬೆಳಗ್ಗೆ ಜಗಲಿಯ ಮೇಲೆ ಕುಳಿತು ಬಸಳೆ ಸೋಸುವುದು, ದಾರಿಹೋಕರಿಗೆ ದೊಡ್ಡಪತ್ರೆಯ ಕಡ್ಡಿ ಮುರಿದುಕೊಡುವುದು, ಒಂದೆಲಗದ ತಂಬುಳಿಗೆ ಎಲೆ ಎಣಿಸುವುದು ನಡೆಯಿತು. ಶ್ರಾವಣದ ಹೊತ್ತಿಗೆ ಅವರು ನಮ್ಮ ಮನೆಯವರ ಕೈಯ ಸಾರಿಗೆ ಉಪ್ಪು ಕಡಿಮೆಯೆಂದು ಮೊದಲ ಬಾರಿಗೆ ಆಕ್ಷೇಪಿಸಿದರು. ನಮ್ಮ ಮನೆಯವರು ಒಳಗೆ ಬಂದು ನಕ್ಕರು.

ಆಶ್ವಯುಜದ ಒಂದು ನಸುಕಿನಲ್ಲಿ ಅಮ್ಮ ನಮ್ಮನ್ನು ಎಬ್ಬಿಸಿದರು. ಹಿಂದಿನ ರಾತ್ರಿಯೇ ತಮ್ಮ ಹಳೆಯ ಬಿಳಿಯ ಪಂಚೆಯೊಂದನ್ನು ಪಾರಿಜಾತದ ಕೆಳಗೆ ಹಾಸಿಟ್ಟಿದ್ದರು. ನೆಲಕ್ಕೆ ಬಿದ್ದ ಹೂವು ದೇವರಿಗೆ ಸಲ್ಲದೆಂಬ ನಿಯಮಕ್ಕೆ ಪಾರಿಜಾತವೊಂದು ಹೊರತಾದರೂ ಮಣ್ಣು ತಗುಲುವುದು ಅವರಿಗೆ ಒಪ್ಪದು. ಪಂಚೆಯ ಮೇಲೆ ಹನ್ನೊಂದು ಹೂಗಳಿದ್ದವು. ಅಮ್ಮ ಎರಡು ಸಲ ಎಣಿಸಿದರು. ಐದನ್ನು ದೇವರ ತಟ್ಟೆಗೆ ಹಾಕಿ, ಉಳಿದ ಆರನ್ನು ಬಸಳೆಯ ಎಲೆಯಲ್ಲಿ ಮಡಿಸಿ ಮೊಮ್ಮಗನ ಕೈಯಲ್ಲಿಟ್ಟು, "ಬಕೀಟಿನ ಮನೆಗೆ ಕೊಟ್ಟು ಬಾ" ಎಂದರು. ಅವನು ಸ್ಕೂಟರನ್ನು ಹೊರಕ್ಕೆ ತಳ್ಳುತ್ತಿದ್ದವನು, ಅದನ್ನು ಅಲ್ಲಿಯೇ ನಿಲ್ಲಿಸಿ, ಪಕ್ಕದ ಕಟ್ಟಡದ ಮೆಟ್ಟಿಲು ಹತ್ತಿದನು.